ಸಸಿಗೂ ಮೊದಲು ಪೆಟ್ಟಿಗೆ: ಕಾಡು, ಕೃಷಿ ಮತ್ತು ಕಿರುಸಾಲವನ್ನು ಒಂದೇ ಹಳ್ಳಿಯಲ್ಲಿ ಹೊಂದಿಸುವ ಸಮಗ್ರ ಮಾರ್ಗದರ್ಶಿ

ಗ್ರಾಮಾಭಿವೃದ್ಧಿ ಎಂದ ಕೂಡಲೇ ಸಸಿ ನೆಡಲು ಗುದ್ದಲಿ ಹಿಡಿಯುವ ಅಭ್ಯಾಸ ಇನ್ನೂ ಬಿಟ್ಟುಹೋಗಿಲ್ಲ. ಗುಂಡಿ ತೋಡುತ್ತಾರೆ, ನೀರೆರೆಯುತ್ತಾರೆ, ಫೋಟೊ ತೆಗೆಯುತ್ತಾರೆ; ಎರಡನೆಯ ಬೇಸಿಗೆ ಮುಗಿಯುವಾಗ ಉಳಿದಿರುವುದು ಗುಂಡಿ ಮತ್ತು ಫೋಟೊ. ಆಮೇಲೆ ಮಳೆಯನ್ನೋ ಮೇಕೆಯನ್ನೋ ದೂರುತ್ತಾರೆ. ಮೇಕೆಯ ತಪ್ಪು ಇರಬಹುದು. ಆದರೆ ಅದನ್ನು ಬಯಲಿಗೆ ಬಿಟ್ಟ ಮನೆಯಲ್ಲಿ ಮೇವು ಕೊಳ್ಳಲು ದುಡ್ಡಿರಲಿಲ್ಲ, ಒಲೆಗೆ ಸೌದೆ ಇರಲಿಲ್ಲ, ಮುಂದಿನ ವಾರ ಬಡ್ಡಿ ಕಟ್ಟಬೇಕಿತ್ತು ಎಂಬುದನ್ನು ಯಾವ ವರದಿಯೂ ಬರೆದಿರುವುದಿಲ್ಲ.

ಮರ ಆದಾಯ ಕೊಡಲು ಐದರಿಂದ ಹತ್ತು ವರ್ಷ ಬೇಕು. ಬೆಳೆಗೆ ಮೂರು-ನಾಲ್ಕು ತಿಂಗಳು ಸಾಕು. ಕೈಗಡ ಕೊಟ್ಟವನು ಕಾಯುವುದು ಒಂದು ವಾರ. ಮೂರೂ ಗಡುವುಗಳು ಒಂದೇ ಮನೆಯ ಮೇಲೆ ಬೀಳುತ್ತವೆ, ಮತ್ತು ಅತಿ ಹತ್ತಿರದ ಗಡುವು ಅತಿ ದೂರದ ಲಾಭವನ್ನು ಕಡಿದು ಸೌದೆಯಾಗಿ ಮಾರಿಸುತ್ತದೆ. ಹಾಗಾಗಿ ಇಲ್ಲಿ ಹೇಳುವ ಕ್ರಮ ಕೆಲವರಿಗೆ ತಲೆಕೆಳಗಾಗಿ ಕಾಣಬಹುದು: ಮೊದಲು ಉಳಿತಾಯದ ಪೆಟ್ಟಿಗೆ, ಆಮೇಲೆ ಮಣ್ಣು-ನೀರು, ಅದರ ನಂತರ ಮರ. ಹೊಲದ ಬದಲಾವಣೆ ಇವುಗಳ ಜೊತೆಜೊತೆಗೆ, ತುಸು ತುಸುವೇ.

ಪಶ್ಚಿಮ ಆಫ್ರಿಕಾದ ನೈಜರ್ ದೇಶದ ಮರಾಡಿ ಪ್ರದೇಶವನ್ನು ನಾನು ಮತ್ತೆ ಮತ್ತೆ ನೆನೆಯುವುದು ಇದೇ ಕಾರಣಕ್ಕೆ. ಕಡಿದ ಮರಗಳ ಬುಡದಿಂದಲೇ ಕಾಡನ್ನು ಎಬ್ಬಿಸುವ ವಿಧಾನ 1983ರ ಹೊತ್ತಿಗೆ ಅಲ್ಲಿ ರೂಪುಗೊಂಡಿತು. ಜಗತ್ತಿನ ನಾನಾ ಕಡೆ ಹರಡಿರುವ ಹಳ್ಳಿ ಉಳಿತಾಯ-ಸಾಲ ಗುಂಪಿನ ಮಾದರಿಯೂ ಕೇರ್ ಎಂಬ ಅಂತರರಾಷ್ಟ್ರೀಯ ನೆರವು ಸಂಸ್ಥೆಯ ಮೂಲಕ 1991ರಲ್ಲಿ ಅದೇ ಪ್ರದೇಶದ ಹೆಂಗಸರ ನಡುವೆ ಹುಟ್ಟಿತು. ಮಳೆ ಕಡಿಮೆ, ಮರಳು ಮಣ್ಣು, ಬಡತನ ವಿಪರೀತ. ಅಂಥ ನೆಲದಿಂದ ಬಂದ ಎರಡು ಉಪಾಯಗಳು ಬೇರೆ ಕಡೆ ಸೋತರೆ ಮೊದಲು ನಮ್ಮ ಕ್ರಮವನ್ನೇ ಅನುಮಾನಿಸಬೇಕು.

ಹೆಜ್ಜೆ 1: ನಡೆಯಿರಿ, ಕೇಳಿ, ಬರೆಯಿರಿ

ಮೊದಲ ಎರಡು ತಿಂಗಳು ಏನನ್ನೂ ಕಟ್ಟಬೇಡಿ, ನೆಡಬೇಡಿ. ಊರಿನ ಅತಿ ಎತ್ತರದ ಜಾಗದಿಂದ ಅತಿ ತಗ್ಗಿನ ಜಾಗದವರೆಗೆ ಇಬ್ಬರು ಹಿರಿಯರು, ಇಬ್ಬರು ದನ ಕಾಯುವವರು, ಸೌದೆ ತರುವ ಇಬ್ಬರು ಹೆಂಗಸರ ಜೊತೆ ನಡೆಯಿರಿ. ನೀರು ಎಲ್ಲಿ ಓಡುತ್ತದೆ, ಎಲ್ಲಿ ನಿಲ್ಲುತ್ತದೆ, ಕೊರಕಲು ಎಲ್ಲಿಂದ ಶುರುವಾಗುತ್ತದೆ, ಯಾವ ಪೊದೆ ನಿಜವಾಗಿ ಪೊದೆಯಲ್ಲ, ಕಡಿದ ಮರದ ಬುಡ ಎಂಬುದನ್ನು ಗುರುತಿಸಿ. ದನ ಕಾಯುವವರನ್ನು ಬಿಟ್ಟು ಮಾಡಿದ ನಕ್ಷೆ ಅರ್ಧ ನಕ್ಷೆ. ನೀವು ಬೇಲಿ ಹಾಕಬೇಕೆಂದುಕೊಂಡ ಜಾಗ ಅವರ ದಾರಿಯಾಗಿರುತ್ತದೆ.

ಸಂಜೆ ಕುಳಿತು ಸಾಲದ ಕ್ಯಾಲೆಂಡರ್ ಮಾಡಿ. ದೊಡ್ಡ ಹಾಳೆಯ ಮೇಲೆ ಹನ್ನೆರಡು ಮನೆಗಳನ್ನು ಎಳೆದು, ಪ್ರತಿ ತಿಂಗಳೂ ಕೈಗೆ ಬರುವ ಹಣಕ್ಕೆ ಕಾಳು, ಹೋಗುವ ಹಣಕ್ಕೆ ಕಲ್ಲು ಇಡಿಸಿ. ಬಿತ್ತನೆಗೆ ಮುಂಚಿನ ತಿಂಗಳುಗಳಲ್ಲಿ ಕಲ್ಲು ರಾಶಿಯಾಗುತ್ತದೆ, ಕೊಯ್ಲಿನ ನಂತರ ಕಾಳು. ಕಲ್ಲು ಹೆಚ್ಚಿರುವ ತಿಂಗಳಲ್ಲೇ ಮರ ಕಡಿಯುವುದೂ ಹೆಚ್ಚು ಎಂಬುದನ್ನು ಊರವರೇ ಹಾಳೆಯ ಮೇಲೆ ಬೆರಳಿಟ್ಟು ತೋರಿಸುತ್ತಾರೆ. ಮುಂದೆ ಮಾಡುವ ಪ್ರತಿಯೊಂದು ನಿಯಮವನ್ನೂ ಈ ಹಾಳೆಗೆ ಹೋಲಿಸಿ ನೋಡಬೇಕಾಗುತ್ತದೆ, ಹಾಗಾಗಿ ಅದನ್ನು ಜೋಪಾನವಾಗಿಡಿ.

ಇನ್ನೊಂದು ವಿಷಯವನ್ನು ಈ ಹಂತದಲ್ಲೇ ಇತ್ಯರ್ಥ ಮಾಡಿಕೊಳ್ಳಿ: ನೆಲ ಯಾರದು, ಮರ ಯಾರದು? ಇವೆರಡೂ ಒಂದೇ ಪ್ರಶ್ನೆಯಲ್ಲ. ಹಲವು ಕಡೆ ನೆಲ ರೈತನದಾದರೂ ಮರದ ಹಕ್ಕು ಸರ್ಕಾರದ್ದಾಗಿರುತ್ತದೆ. ಗೇಣಿದಾರನಿಗೆ ಎರಡೂ ಇಲ್ಲ. ಮರ ತನ್ನದು ಎಂಬ ನಂಬಿಕೆ ಬಂದ ಮೇಲೆಯೇ ನೈಜರ್‌ನ ರೈತರು ಅದನ್ನು ಉಳಿಸಿದರು. ಗೇಣಿದಾರರಿದ್ದರೆ ಒಡೆಯ ಮತ್ತು ಗೇಣಿದಾರನ ನಡುವೆ ಮರದ ಪಾಲನ್ನು ಬರವಣಿಗೆಯಲ್ಲಿ ಮಾಡಿಸಿ. ಬಾಯಿಮಾತು ಐದು ವರ್ಷ ಬಾಳುವುದಿಲ್ಲ.

ಹೆಜ್ಜೆ 2: ಮೂರು ಬೀಗದ ಪೆಟ್ಟಿಗೆ

ಹದಿನೈದರಿಂದ ಇಪ್ಪತ್ತೈದು ಜನ, ಒಬ್ಬರನ್ನೊಬ್ಬರು ಬಲ್ಲವರು, ತಾವೇ ಆರಿಸಿಕೊಂಡು ಗುಂಪಾಗಬೇಕು. ಹೊರಗಿನವರು ಪಟ್ಟಿ ಮಾಡಿಕೊಟ್ಟ ಗುಂಪು ಮೊದಲ ಸಾಲದಲ್ಲೇ ಒಡೆಯುತ್ತದೆ. ಒಂದೇ ಮನೆಯ ಮೂವರು ಬೇಡ. ಊರಿನಲ್ಲಿ ಬಡ್ಡಿ ವ್ಯವಹಾರ ನಡೆಸುವವರು ಅಧ್ಯಕ್ಷರಾಗುವುದಂತೂ ಬೇಡವೇ ಬೇಡ. ಬೇಲಿಯೇ ಎದ್ದು ಹೊಲ ಮೇಯುವ ಪರಿಸ್ಥಿತಿಯನ್ನು ನಾವೇ ಕರೆದು ಕೂರಿಸಿದಂತೆ.

ಒಂದು ಕಬ್ಬಿಣದ ಪೆಟ್ಟಿಗೆ, ಅದಕ್ಕೆ ಮೂರು ಬೀಗ, ಮೂರು ಕೀಲಿಗಳು ಮೂವರ ಬೇರೆ ಬೇರೆ ಮನೆಗಳಲ್ಲಿ, ಪೆಟ್ಟಿಗೆ ನಾಲ್ಕನೆಯವರ ಮನೆಯಲ್ಲಿ. ವಾರಕ್ಕೊಮ್ಮೆ ಎಲ್ಲರೂ ವೃತ್ತಾಕಾರವಾಗಿ ಕೂತಾಗ ಮಾತ್ರ ಅದು ತೆರೆಯುತ್ತದೆ. ಹಣ ಎಣಿಸುವುದು ಗಟ್ಟಿಯಾಗಿ, ಇಬ್ಬರಿಂದ. ಸಭೆಯ ಕೊನೆಗೆ "ಪೆಟ್ಟಿಗೆಯಲ್ಲಿ ಇಂದು ಎಷ್ಟಿದೆ?" ಎಂದು ಕೇಳಿ, ಎಲ್ಲರೂ ಒಟ್ಟಿಗೆ ಹೇಳಬೇಕು, ಮುಂದಿನ ವಾರ ಬೀಗ ತೆಗೆಯುವ ಮುನ್ನ ಮತ್ತೆ ಅದೇ ಅಂಕಿಯನ್ನು ನೆನಪಿನಿಂದ ಹೇಳಬೇಕು. ಓದು ಬಾರದವರೂ ಲೆಕ್ಕದ ಒಡೆಯರಾಗುವುದು ಈ ಪದ್ಧತಿಯಿಂದ. ಪುಸ್ತಕ ಬರೆಯುವವನೊಬ್ಬನಿಗೇ ಲೆಕ್ಕ ಗೊತ್ತಿರುವ ಗುಂಪಿನಲ್ಲಿ ಹಣ ಸುರಕ್ಷಿತವಲ್ಲ, ಆತ ಎಷ್ಟೇ ಸಜ್ಜನನಾಗಿರಲಿ.

ಉಳಿತಾಯ ಪಾಲುಗಳ ರೂಪದಲ್ಲಿರಲಿ. ಪಾಲಿನ ಬೆಲೆಯನ್ನು ಅತ್ಯಂತ ಬಡ ಸದಸ್ಯೆ ಅತ್ಯಂತ ಕಷ್ಟದ ವಾರದಲ್ಲೂ ಒಂದು ಪಾಲು ಕೊಳ್ಳಬಹುದಾದಷ್ಟು ಸಣ್ಣದಾಗಿ ಇಡಿ. ವಾರಕ್ಕೆ ಒಂದರಿಂದ ಐದು ಪಾಲು ಕೊಳ್ಳಬಹುದು, ಅದಕ್ಕಿಂತ ಹೆಚ್ಚಿಲ್ಲ. ಈ ಮೇಲ್ಮಿತಿ ಇಲ್ಲದಿದ್ದರೆ ಹಣವಂತನೊಬ್ಬ ಗುಂಪನ್ನೇ ಕೊಂಡುಬಿಡುತ್ತಾನೆ.

ಲೆಕ್ಕ ಹೀಗೆ. ಪಾಲೊಂದಕ್ಕೆ 10 ನಾಣ್ಯ ಎಂದಿಟ್ಟುಕೊಳ್ಳಿ. ನಾಣ್ಯ ಯಾವ ದೇಶದ್ದಾದರೂ ಸರಿ. ಇಪ್ಪತ್ತು ಸದಸ್ಯರು ವಾರಕ್ಕೆ ಸರಾಸರಿ ಮೂರು ಪಾಲು ಕೊಂಡರೆ ವಾರಕ್ಕೆ 600, ನಲವತ್ತು ವಾರಕ್ಕೆ 24,000. ಪಾಲುಗಳ ಒಟ್ಟು ಸಂಖ್ಯೆ 2,400. ಈ ಅವಧಿಯಲ್ಲಿ ಸದಸ್ಯರಿಗೇ ಕೊಟ್ಟ ಒಳಸಾಲದ ಬಡ್ಡಿಯಿಂದ 4,800 ಸೇರಿತು ಎಂದುಕೊಂಡರೆ ಪೆಟ್ಟಿಗೆಯಲ್ಲಿ 28,800. ಪಾಲಿನ ಬೆಲೆ 10ರಿಂದ 12 ಆಯಿತು. ಪ್ರತಿ ವಾರ ಒಂದೇ ಪಾಲು ಕೊಂಡವಳು 400 ಹಾಕಿ 480 ಪಡೆಯುತ್ತಾಳೆ. ಐದು ಕೊಂಡವಳು 2,000 ಹಾಕಿ 2,400. ಬಡ್ಡಿ ಊರು ಬಿಟ್ಟು ಹೋಗಲಿಲ್ಲ ಎಂಬುದನ್ನು ಹಂಚಿಕೆಯ ದಿನ ಕೈಯಲ್ಲಿ ಹಿಡಿದು ನೋಡಿದ ಮೇಲೆ ಗುಂಪಿಗೆ ಬೇರೆ ಉಪದೇಶ ಬೇಕಾಗುವುದಿಲ್ಲ.

ಮೊದಲ ಎಂಟು-ಹತ್ತು ವಾರ ಉಳಿತಾಯ ಮಾತ್ರ. ಆಮೇಲೆ ನಾಲ್ಕು ವಾರಕ್ಕೊಮ್ಮೆ ಸಾಲ, ತಮ್ಮ ಉಳಿತಾಯದ ಮೂರು ಪಟ್ಟು ಮೀರದಂತೆ, ಮೂರು ತಿಂಗಳೊಳಗೆ ತೀರುವಂತೆ. ಸಾವು-ನೋವು, ಕಾಯಿಲೆಗೆ ಬೇರೆಯದೇ ಪುಟ್ಟ ನಿಧಿ, ಬಡ್ಡಿಯಿಲ್ಲದೆ. ಒಂಬತ್ತರಿಂದ ಹನ್ನೆರಡು ತಿಂಗಳಿಗೆ ಚಕ್ರ ಮುಗಿಸಿ ಪೂರ್ತಿ ಹಂಚಿಬಿಡಿ. ಹಂಚಿಕೆಯ ದಿನವನ್ನು ಸಾಲದ ಕ್ಯಾಲೆಂಡರ್ ನೋಡಿ ನಿಗದಿ ಮಾಡಿ: ಬಿತ್ತನೆಗೆ ಮುಂಚೆ, ಕಲ್ಲು ರಾಶಿಯಾಗುವ ತಿಂಗಳ ಹೊಸ್ತಿಲಲ್ಲಿ.

ಹೊರಗಿನ ಸಾಲ ಯಾವಾಗ?

ಮೊದಲ ಚಕ್ರದಲ್ಲಿ ಬೇಡ. ಜರ್ಮನಿಯ ಹಳ್ಳಿಗಳಲ್ಲಿ ಮೇಯರ್ ಆಗಿದ್ದ ಫ್ರೀಡ್ರಿಖ್ ವಿಲ್ಹೆಲ್ಮ್ ರೈಫೈಸನ್ 1840ರ ದಶಕದಲ್ಲಿ ಉಳ್ಳವರ ದಾನದ ಮೇಲೆ ನೆರವಿನ ಸಂಘಗಳನ್ನು ಕಟ್ಟಿದ್ದರು. ದಾನಿಗಳ ಉತ್ಸಾಹ ಕುಂದಿದಾಗ ಸಂಘಗಳೂ ಕುಂದುವುದನ್ನು ಕಂಡು, 1864ರಲ್ಲಿ ಹೆಡ್ಡೆಸ್‌ಡಾರ್ಫ್‌ನಲ್ಲಿ ಸದಸ್ಯರೇ ಹೊಣೆ ಹೊರುವ ಸಾಲ ಸಂಘವನ್ನು ಆರಂಭಿಸಿದರು. ಮುಹಮ್ಮದ್ ಯೂನುಸ್ 1976ರಲ್ಲಿ ಬಾಂಗ್ಲಾದೇಶದ ಜೋಬ್ರಾ ಗ್ರಾಮದ 42 ಜನರಿಗೆ ಒಟ್ಟು 27 ಡಾಲರ್ ಸಾಲ ಕೊಟ್ಟ ಕಥೆ ಎಲ್ಲರಿಗೂ ಗೊತ್ತು. 1983ರಲ್ಲಿ ಗ್ರಾಮೀಣ ಬ್ಯಾಂಕ್, 2006ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ. ಅಷ್ಟೇ ಚೆನ್ನಾಗಿ ಗೊತ್ತಿರಬೇಕಾದದ್ದು 2010ರ ಆಂಧ್ರಪ್ರದೇಶ. ಒಂದೇ ಮನೆಗೆ ಮೂರು-ನಾಲ್ಕು ಕಂಪನಿಗಳು ಸಾಲ ಸುರಿದು, ಒಂದರ ಕಂತಿಗೆ ಇನ್ನೊಂದರ ಸಾಲ ಮಾಡಿಸಿ, ವಸೂಲಿಯ ಒತ್ತಡ ಮಿತಿಮೀರಿ, ಕೊನೆಗೆ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. 2015ರಲ್ಲಿ ಆರು ದೇಶಗಳ ಅಧ್ಯಯನಗಳು ಒಟ್ಟಿಗೆ ಪ್ರಕಟವಾದಾಗಲೂ ಬಂದ ಉತ್ತರ ಸಪ್ಪೆಯಾದದ್ದು: ಕಿರುಸಾಲ ಕೆಲವರಿಗೆ ಸ್ವಲ್ಪ ನೆರವಾಗುತ್ತದೆ, ಸರಾಸರಿಯಲ್ಲಿ ಬಡತನವನ್ನು ಓಡಿಸುವುದಿಲ್ಲ. ಸಾಲವನ್ನು ಉಪ್ಪಿನಂತೆ ಬಳಸಬೇಕು.

ಹೊರಗಿನ ಸಾಲ ತೆಗೆದುಕೊಳ್ಳಲೇಬೇಕಾದಾಗ ಒಂದು ಲೆಕ್ಕ ಕಲಿಸಿ. 1,200 ನಾಣ್ಯ ಸಾಲ, ಹನ್ನೆರಡು ಸಮ ಕಂತು, "ಬಡ್ಡಿ ಕೇವಲ ಶೇಕಡಾ 10" ಎನ್ನುತ್ತಾನೆ ಏಜೆಂಟ್. ಇಡೀ ವರ್ಷ ಪೂರ್ತಿ ಅಸಲಿನ ಮೇಲೆ ಹಾಕಿದರೆ ಬಡ್ಡಿ 120. ಉಳಿದ ಅಸಲಿನ ಮೇಲೆ ಮಾತ್ರ ಹಾಕಿದರೆ 65. ಅಂದರೆ ಅವನ ಹತ್ತು ನಿಜದಲ್ಲಿ ಹದಿನೆಂಟನ್ನು ದಾಟುತ್ತದೆ. "ಯಾವ ಅಸಲಿನ ಮೇಲೆ ಬಡ್ಡಿ?" ಎಂಬ ನಾಲ್ಕು ಪದಗಳ ಪ್ರಶ್ನೆಯನ್ನು ಪ್ರತಿ ಸದಸ್ಯೆಯೂ ಬಾಯಿಪಾಠ ಮಾಡಲಿ.

ಹೆಜ್ಜೆ 3: ಓಡುವ ನೀರನ್ನು ನಡೆಸಿ, ನಡೆಯುವ ನೀರನ್ನು ನಿಲ್ಲಿಸಿ

ಮಣ್ಣು-ನೀರಿನ ಕೆಲಸವನ್ನು ಬೇಸಿಗೆಯಲ್ಲಿ, ಮಳೆಗೆ ಎರಡು ತಿಂಗಳು ಇರುವಾಗ ಶುರುಮಾಡಿ. ಕೆಲಸ ಯಾವಾಗಲೂ ನೆತ್ತಿಯಿಂದ ಕೆಳಕ್ಕೆ. ಮೇಲಿನ ನೀರನ್ನು ತಡೆಯದೆ ಕೆಳಗೆ ಕಟ್ಟಿದ ಒಡ್ಡು ಮೊದಲ ದೊಡ್ಡ ಮಳೆಗೆ ಕೊಚ್ಚಿಹೋಗುತ್ತದೆ.

ಸಮಮಟ್ಟದ ರೇಖೆ ಗುರುತಿಸಲು ಯಂತ್ರ ಬೇಡ, ಮೂರು ಕೋಲು ಸಾಕು. ಸುಮಾರು ಎರಡು ಮೀಟರ್ ಉದ್ದದ ಎರಡು ಸಮ ಕೋಲುಗಳ ತುದಿಗಳನ್ನು ಕಟ್ಟಿ ಕಾಲು ಅಗಲಿಸಿ. ನಡುವೆ ಅಡ್ಡಕೋಲು ಬಿಗಿಯಿರಿ. ಮೇಲಿನ ಗಂಟಿನಿಂದ ದಾರದಲ್ಲಿ ಕಲ್ಲೊಂದನ್ನು ಅಡ್ಡಕೋಲಿಗಿಂತ ಕೆಳಗೆ ಬರುವಂತೆ ಇಳಿಬಿಡಿ. ಚೌಕಟ್ಟನ್ನು ನೆಲದ ಮೇಲೆ ನಿಲ್ಲಿಸಿ, ಎರಡೂ ಪಾದಗಳ ಜಾಗ ಗುರುತು ಮಾಡಿ, ದಾರ ಅಡ್ಡಕೋಲನ್ನು ಮುಟ್ಟುವಲ್ಲಿ ಒಂದು ಗೆರೆ ಎಳೆಯಿರಿ. ಈಗ ಚೌಕಟ್ಟನ್ನು ತಿರುಗಿಸಿ, ಎಡಪಾದ ಇದ್ದಲ್ಲಿ ಬಲಪಾದ ಇಟ್ಟು ಮತ್ತೊಂದು ಗೆರೆ. ಎರಡು ಗೆರೆಗಳ ನಟ್ಟನಡುವೆ ಮೂರನೆಯ ಗೆರೆ ಎಳೆದರೆ ಅದೇ ಸಮಮಟ್ಟ. ಇನ್ನು ಇಳಿಜಾರಿಗೆ ಅಡ್ಡಲಾಗಿ ಒಂದು ಪಾದ ಊರಿ, ಇನ್ನೊಂದನ್ನು ಮೇಲೆ-ಕೆಳಗೆ ಸರಿಸಿ, ದಾರ ನಡುಗೆರೆಗೆ ಬಂದಲ್ಲಿ ಗೂಟ ಹೊಡೆಯುತ್ತಾ ಸಾಗಿ. ಗಾಳಿ ಬೀಸುವ ಹೊತ್ತಿನಲ್ಲಿ ಈ ಕೆಲಸ ಮಾಡಬೇಡಿ, ಕಲ್ಲು ತೂಗಾಡಿ ಲೆಕ್ಕ ತಪ್ಪುತ್ತದೆ. ಬೆಳಗಿನ ಜಾವ ಒಳ್ಳೆಯದು. ಗೂಟಗಳ ಸಾಲಿನಲ್ಲಿ ಕಂದಕ ತೋಡಿ, ಮಣ್ಣನ್ನು ಕೆಳಬದಿಗೆ ಹಾಕಿ, ಆ ದಿಬ್ಬದ ಮೇಲೆ ಕೂಡಲೇ ಮೇವಿನ ಹುಲ್ಲು ನೆಡಿ.

ಗಟ್ಟಿಕಟ್ಟಿ ಬರಡಾದ ಹೊಲಕ್ಕೆ ಬುರ್ಕಿನಾ ಫಾಸೊದ ಜಾಯಿ ಗುಂಡಿ ಉತ್ತಮ. ಯಾಕೂಬಾ ಸವಡೋಗೊ ಎಂಬ ರೈತ 1980ರ ದಶಕದ ಬರಗಾಲದಲ್ಲಿ ಹಳೆಯ ಪದ್ಧತಿಯನ್ನು ತಿದ್ದಿ ಬೆಳೆಸಿದ್ದು ಇದು: ಒಣ ಕಾಲದಲ್ಲೇ ಗೇಣಗಲಕ್ಕಿಂತ ಹೆಚ್ಚಿನ, ಅರ್ಧ ಗೇಣು ಮೀರಿದ ಆಳದ ಗುಂಡಿಗಳನ್ನು ತೋಡಿ, ಪ್ರತಿಯೊಂದಕ್ಕೂ ಬೊಗಸೆ ಗೊಬ್ಬರ ಹಾಕುವುದು. ಗೊಬ್ಬರಕ್ಕೆ ಗೆದ್ದಲು ಬರುತ್ತದೆ, ಗೆದ್ದಲು ಮಣ್ಣನ್ನು ಕೊರೆಯುತ್ತದೆ, ಕೊರೆದ ದಾರಿಯಲ್ಲಿ ಮಳೆನೀರು ಇಳಿಯುತ್ತದೆ. ಮೊದಲು ನೆರೆಯವರು ಆತನನ್ನು ಹುಚ್ಚನೆಂದರು. ಗುಂಡಿಗಳಲ್ಲಿ ಧಾನ್ಯದ ಜೊತೆ ಮರಗಳೂ ಎದ್ದವು, ಕಾಡಾಯಿತು. 2018ರಲ್ಲಿ, ಪರ್ಯಾಯ ನೊಬೆಲ್ ಎನಿಸಿಕೊಂಡ ರೈಟ್ ಲೈವ್ಲಿಹುಡ್ ಪ್ರಶಸ್ತಿಯೂ ಬಂತು.

ಹೆಜ್ಜೆ 4: ನೆಡುವ ಮೊದಲು ಬುಡಗಳನ್ನು ಎಣಿಸಿ

ಮರಾಡಿಯಲ್ಲಿ ಕೆಲಸ ಮಾಡುತ್ತಿದ್ದ ಆಸ್ಟ್ರೇಲಿಯಾದ ಟೋನಿ ರಿನಾಡೊ ಸಸಿ ನೆಟ್ಟು ನೆಟ್ಟು ಸೋತಿದ್ದರು. ಮರಳಿನಲ್ಲಿ ಸಾಗಲು ವಾಹನದ ಗಾಲಿಯ ಗಾಳಿ ಇಳಿಸಲು ನಿಂತಾಗ ಕಣ್ಣಿಗೆ ಬಿದ್ದ ಪೊದೆಯೊಂದರ ಎಲೆ ನೋಡಿದರೆ ಅದು ಪೊದೆಯಲ್ಲ, ಕಡಿದ ಮರದ ಚಿಗುರು. ನೆಲದಡಿಯಲ್ಲಿ ಬೇರುಗಳು ಬದುಕೇ ಇದ್ದವು. ಮುಂದಿನ ಎರಡು ದಶಕಗಳಲ್ಲಿ ನೈಜರ್‌ನಲ್ಲಿ ಅಂದಾಜು 50 ಲಕ್ಷ ಹೆಕ್ಟೇರ್ ಹೊಲಗಳಲ್ಲಿ ಮರ ಮರಳಿತು, ಬಹುತೇಕ ಒಂದೂ ಸಸಿ ನೆಡದೆ. ಸವಡೋಗೊ ಅವರಿಗೆ ಪ್ರಶಸ್ತಿ ಬಂದ ವರ್ಷವೇ ರಿನಾಡೊ ಅವರಿಗೂ ಅದೇ ಪ್ರಶಸ್ತಿ ಬಂತು.

ಮಾಡುವ ರೀತಿ: ಜೀವಂತ ಬುಡದಿಂದ ಹತ್ತಿಪ್ಪತ್ತು ಚಿಗುರು ಎದ್ದಿರುತ್ತವೆ. ನೆಟ್ಟಗಿರುವ, ಗಟ್ಟಿಯಾದ ಮೂರರಿಂದ ಐದನ್ನು ಉಳಿಸಿ. ಉಳಿದವನ್ನು ಚೂಪಾದ ಕತ್ತಿಯಿಂದ, ಕೆಳಗಿನಿಂದ ಮೇಲಕ್ಕೆ ಒಂದೇ ಏಟಿಗೆ ಕತ್ತರಿಸಿ. ಮೊಂಡ ಕತ್ತಿ ಸಿಪ್ಪೆಯನ್ನು ಸೀಳಿ ರೋಗ ತರುತ್ತದೆ. ಉಳಿಸಿದ ಕಾಂಡಗಳ ಪಕ್ಕದ ರೆಂಬೆಗಳನ್ನು ಅರ್ಧ ಎತ್ತರದವರೆಗೆ ಮಾತ್ರ ಸವರಿ. ಕತ್ತರಿಸಿದ್ದು ಅದೇ ದಿನ ಸೌದೆ, ಮೇವು, ಮಣ್ಣಿನ ಮುಚ್ಚಿಗೆಯಾಗುತ್ತದೆ. ಮರುವರ್ಷದಿಂದ ಒಂದೊಂದೇ ಕಾಂಡ ತೆಗೆದು ಮಾರಬಹುದು. ಮರದ ಲಾಭಕ್ಕೆ ಐದರಿಂದ ಹತ್ತು ವರ್ಷ ಕಾಯಬೇಕೆಂದು ಮೇಲೆ ಹೇಳಿದೆನಲ್ಲ, ಬುಡದ ಮರ ಆ ಲೆಕ್ಕವನ್ನು ಒಂದೆರಡು ವರ್ಷಕ್ಕೆ ಇಳಿಸುತ್ತದೆ. ಬೇರು ಆಗಲೇ ಆಳದಲ್ಲಿರುವುದರಿಂದ ನೀರೂ ಎರೆಯಬೇಕಿಲ್ಲ.

ಬುಡವೇ ಉಳಿದಿಲ್ಲದ ಕಡೆ ಮಾತ್ರ ನೆಡಿ. ಸ್ಥಳೀಯ ಜಾತಿಗಳು, ಕನಿಷ್ಠ ಐದಾರು ಬಗೆ. ಬೇಗ ಬೆಳೆಯುತ್ತದೆ ಎಂಬ ಒಂದೇ ಗುಣ ನೋಡಿ ಹೊರಗಿನ ಜಾತಿ ತರಬೇಡಿ; ಬಳ್ಳಾರಿ ಜಾಲಿಯನ್ನು ಹಾಗೆ ತಂದ ಎಷ್ಟೋ ಒಣ ಪ್ರದೇಶಗಳು ಇಂದು ಅದನ್ನು ಕಿತ್ತು ಸುಸ್ತಾಗಿವೆ. ನೆಡುವ ತಿಂಗಳ ಮುಂಚೆಯೇ ನರ್ಸರಿಯಲ್ಲಿ ನೀರು, ನೆರಳು ಎರಡನ್ನೂ ಕಡಿಮೆ ಮಾಡಿ ಸಸಿಯನ್ನು ಒರಟಾಗಿಸಿ. ಮೊದಲ ಹನಿಗೆ ಅಲ್ಲ, ಮಣ್ಣು ಒಂದು ಗೇಣು ಆಳಕ್ಕೆ ನೆನೆದ ಮೇಲೆ ನೆಡಿ.

ಎಣಿಕೆ ಯಾವುದು ಎಂಬುದು ಎಲ್ಲಕ್ಕಿಂತ ಮುಖ್ಯ. 1977ರಲ್ಲಿ ಕೆನ್ಯಾದಲ್ಲಿ ವಂಗಾರಿ ಮಾತಾಯ್ ಆರಂಭಿಸಿದ ಗ್ರೀನ್ ಬೆಲ್ಟ್ ಚಳವಳಿ ಹೆಂಗಸರಿಗೆ ಸಣ್ಣ ಮೊತ್ತ ಕೊಟ್ಟದ್ದು ನೆಟ್ಟ ಸಸಿಗಲ್ಲ, ಬದುಕುಳಿದ ಸಸಿಗೆ. ನಿಮ್ಮ ಹಳ್ಳಿಯಲ್ಲೂ ಲೆಕ್ಕ ಎರಡು ಬೇಸಿಗೆ ದಾಟಿದ ಮೇಲೆ ಮಾಡಿ. ಹಣ ಕೊಡುವ ದಾನಿಗೆ ಇದು ರುಚಿಸದಿದ್ದರೆ ಆ ದಾನಿಯನ್ನು ಬಿಡುವುದೇ ಲೇಸು.

ಸಾಮೂಹಿಕ ಜಾಗದಲ್ಲಿ ಬೆಳೆಸುವುದಾದರೆ ನಿಯಮವನ್ನು ಬಳಸುವವರೇ ಮಾಡಲಿ, ಕಾಯುವವರು ಅವರಿಗೇ ಉತ್ತರ ಹೇಳಲಿ, ದಂಡ ಸಣ್ಣದರಿಂದ ಶುರುವಾಗಲಿ. ಸಾಮೂಹಿಕ ಸಂಪತ್ತಿನ ಮೇಲಿನ ಕೆಲಸಕ್ಕೆ 2009ರಲ್ಲಿ ನೊಬೆಲ್ ಪಡೆದ ಎಲಿನರ್ ಆಸ್ಟ್ರಮ್ ಹಲವು ದೇಶಗಳ ಉದಾಹರಣೆಗಳಿಂದ ಕಂಡುಕೊಂಡದ್ದು ಹೆಚ್ಚುಕಡಿಮೆ ಇದನ್ನೇ. ಮೊದಲ ತಪ್ಪಿಗೆ ಭಾರಿ ದಂಡ ಹಾಕಿದರೆ ಯಾರೂ ಯಾರನ್ನೂ ಹಿಡಿದುಕೊಡುವುದಿಲ್ಲ.

ಹೆಜ್ಜೆ 5: ಹೊಲವನ್ನು ಕಾಲುಭಾಗದಿಂದ ಬದಲಿಸಿ

ಒಂದೇ ವರ್ಷದಲ್ಲಿ ಇಡೀ ಹೊಲವನ್ನು ಹೊಸ ಪದ್ಧತಿಗೆ ಒಯ್ಯಿರಿ ಎನ್ನುವವರ ಮಾತು ಕೇಳಬೇಡಿ. ರಾಸಾಯನಿಕ ಗೊಬ್ಬರ ನಿಲ್ಲಿಸಿದ ಮೊದಲ ಒಂದೆರಡು ವರ್ಷ ಇಳುವರಿ ಇಳಿಯಬಹುದು. ಆ ಇಳಿತವನ್ನು ಸಾಲವಿರುವ ಮನೆ ತಡೆದುಕೊಳ್ಳುವುದಿಲ್ಲ. ಕಾಲುಭಾಗದಿಂದ ಶುರುಮಾಡಿ, ಪಕ್ಕದ ಮುಕ್ಕಾಲು ಭಾಗವೇ ಹೋಲಿಕೆಗೆ ಸಿಗುತ್ತದೆ.

ಮಾಡಬೇಕಾದದ್ದು ಮೂರೇ: ಮಣ್ಣನ್ನು ಬೆತ್ತಲೆ ಬಿಡಬೇಡಿ, ದ್ವಿದಳ ಧಾನ್ಯವಿಲ್ಲದೆ ಬೆಳೆಯಬೇಡಿ, ಹೊಲದ ಕಸವನ್ನು ಸುಡಬೇಡಿ. ಕಾಂಪೋಸ್ಟ್ ರಾಶಿ ಎಲ್ಲ ದಿಕ್ಕಿಗೂ ಮೀಟರಿಗಿಂತ ಕಡಿಮೆಯಿದ್ದರೆ ಕಾವೇರುವುದಿಲ್ಲ. ಮೂರು ಪಾಲು ಒಣ ಕಸ, ಒಂದು ಪಾಲು ಹಸಿ ಸೊಪ್ಪು-ಸಗಣಿ. ಹಿಡಿಯಷ್ಟು ತೆಗೆದು ಹಿಂಡಿದರೆ ಒಂದೆರಡು ಹನಿ ಬೀಳಬೇಕು; ಧಾರೆಯಾದರೆ ಕೊಳೆಯುತ್ತದೆ, ಹನಿಯೇ ಬೀಳದಿದ್ದರೆ ಮಲಗಿಬಿಡುತ್ತದೆ. ನಾಲ್ಕನೆಯ ದಿನ ನಡುವಿಗೆ ಚುಚ್ಚಿದ ಕಬ್ಬಿಣದ ಸಲಾಕೆಯನ್ನು ಎಳೆದು ಮುಟ್ಟಿ ನೋಡಿ. ಕೈ ಹಿಂದೆಗೆಯುವಷ್ಟು ಬಿಸಿಯಿದ್ದರೆ ಕೆಲಸ ನಡೆದಿದೆ.

ಹೊಲದಲ್ಲಿ ಬಿಡಲು ಮರ ಹುಡುಕುವವರಿಗೆ ಆಫ್ರಿಕಾದ ಫೈದರ್ಬಿಯಾ ಅಲ್ಬಿಡಾ ಒಂದು ಅಚ್ಚರಿ: ಮಳೆಗಾಲದಲ್ಲಿ ಎಲೆ ಉದುರಿಸಿ ಬೆಳೆಗೆ ಬೆಳಕು ಬಿಡುತ್ತದೆ, ಬೇಸಿಗೆಯಲ್ಲಿ ಚಿಗುರಿ ದನಕ್ಕೆ ನೆರಳು-ಮೇವು ಕೊಡುತ್ತದೆ. ಅದನ್ನೇ ತರಬೇಕೆಂದಲ್ಲ, ನಿಮ್ಮಲ್ಲಿನ ಯಾವ ಮರದಡಿ ಬೆಳೆ ಸೊರಗುವುದಿಲ್ಲ ಎಂದು ಹಿರಿಯರನ್ನು ಕೇಳಿ.

ಕೆನ್ಯಾದ ಕೀಟ ಸಂಶೋಧನಾ ಕೇಂದ್ರ 1990ರ ದಶಕದಲ್ಲಿ ರೂಪಿಸಿದ ಒಂದು ವಿಧಾನವನ್ನೂ ನೋಡಿ. ಮೆಕ್ಕೆಜೋಳದ ಸಾಲುಗಳ ನಡುವೆ ಡೆಸ್ಮೋಡಿಯಂ ಎಂಬ ದ್ವಿದಳ ಸಸ್ಯ, ಹೊಲದ ಸುತ್ತ ನೇಪಿಯರ್ ಹುಲ್ಲು. ಒಳಗಿನದು ಕಾಂಡಕೊರಕದ ಪತಂಗವನ್ನು ಅಟ್ಟುತ್ತದೆ, ಹೊರಗಿನದು ತನ್ನತ್ತ ಸೆಳೆಯುತ್ತದೆ. ಎರಡೂ ಮೇವೇ. ಮೇವು ಹೊಲದಲ್ಲೇ ಸಿಕ್ಕರೆ ದನ ಕೊಟ್ಟಿಗೆಯಲ್ಲಿ ನಿಲ್ಲುತ್ತದೆ. ದನ ನಿಂತರೆ ಸಗಣಿ ಒಂದೆಡೆ ಬೀಳುತ್ತದೆ, ಗುಡ್ಡದ ಚಿಗುರು ಉಳಿಯುತ್ತದೆ. ಬೇಲಿಗೆ ಖರ್ಚು ಮಾಡುವ ಹಣವನ್ನು ಹುಲ್ಲಿಗೆ ಹಾಕಿ ಎನ್ನುವುದು ನನ್ನ ಸಲಹೆ.

ಹೆಜ್ಜೆ 6: ಸಾಲದ ನಿಯಮವನ್ನು ನೆಲದ ಲಯಕ್ಕೆ ಕಟ್ಟಿ

ಎರಡನೆಯ ಚಕ್ರದಲ್ಲಿ ಗುಂಪು ಕುಳಿತು ಸಾಲಗಳನ್ನು ಮೂರಾಗಿ ವಿಂಗಡಿಸಲಿ. ವಾರವಾರ ದುಡ್ಡು ತರುವ ವ್ಯಾಪಾರಕ್ಕೆ ವಾರದ ಕಂತು. ಬೆಳೆಗೆ, ಕೊಯ್ಲಾದ ತಿಂಗಳಲ್ಲಿ ಒಂದೇ ಗಂಟಿನಲ್ಲಿ ಮರುಪಾವತಿ. ಇದಕ್ಕೆ ಮೂರು ತಿಂಗಳ ಮಿತಿಯನ್ನು ಐದಾರಕ್ಕೆ ಸಡಿಲಿಸಬೇಕಾಗುತ್ತದೆ. ಮರಕ್ಕೆ ಸಾಲವೇ ಬೇಡ. ಎಂಟು ವರ್ಷದ ಫಲಕ್ಕೆ ಎಂಟು ವಾರದ ಕಂತು ಕಟ್ಟುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದಕ್ಕಿಂತ ಕೆಟ್ಟದ್ದು. ಮರಕ್ಕೆ ಶ್ರಮದ ಸರದಿ ಇರಲಿ: ವಾರದ ಸಭೆಯ ಮರುದಿನ ಅರ್ಧ ದಿನ, ಇವತ್ತು ಇವಳ ಹೊಲ, ಮುಂದಿನ ವಾರ ಅವಳದು. ಬದುಕುಳಿದ ಸಸಿಗೆ ಕೊಡುವ ಮೊತ್ತವನ್ನು ಪಾಲಾಗಿ ಆಕೆಯ ಪುಸ್ತಕಕ್ಕೇ ಸೇರಿಸಿದರೆ ಮರ ಮತ್ತು ಪೆಟ್ಟಿಗೆ ಒಂದೇ ಲೆಕ್ಕಕ್ಕೆ ಬರುತ್ತವೆ.

ಬರ ಬಿದ್ದ ವರ್ಷ ಏನು ಮಾಡಬೇಕೆಂಬುದನ್ನು ಮಳೆ ಚೆನ್ನಾಗಿರುವ ವರ್ಷವೇ ಬರೆದಿಡಿ: ಕಂತು ಎಷ್ಟು ತಿಂಗಳು ಮುಂದಕ್ಕೆ, ಬಡ್ಡಿ ನಿಲ್ಲುತ್ತದೆಯೇ, ತೀರ್ಮಾನಕ್ಕೆ ಎಷ್ಟು ಕೈ ಮೇಲೇಳಬೇಕು. ಹಸಿವಿನಲ್ಲಿ ಮಾಡಿದ ನಿಯಮ ಜಗಳವಾಗುತ್ತದೆ.

ಹೆಜ್ಜೆ 7: ನಾಲ್ಕೇ ಅಂಕಿ

ವರದಿಯ ಹೊರೆ ಹೊರಿಸಬೇಡಿ. ನಾಲ್ಕು ಸಂಗತಿ ಸಾಕು. ಎರಡು ಬೇಸಿಗೆ ದಾಟಿದ ಮರಗಳು, ಉಳಿಸಿದ ಬುಡಗಳ ಸಹಿತ. ಬಾವಿಯ ನೀರು: ಮೊಳಕ್ಕೊಂದು ಗಂಟು ಹಾಕಿದ ಹಗ್ಗವನ್ನು ಬೇಸಿಗೆಯ ಕೊನೆಯ ವಾರ ಇಳಿಬಿಟ್ಟು ಒಣ ಗಂಟು ಎಣಿಸುವುದು. ಮನೆಯ ಕಾಳು ಮುಗಿದು ಕೊಂಡು ತಿಂದ ತಿಂಗಳುಗಳು. ಹೊರಗಿನಿಂದ ಕೈಗಡ ತಂದ ಮನೆಗಳು. ಮೂರನೆಯ ವರ್ಷವೂ ಕೊನೆಯ ಎರಡು ಇಳಿಯದಿದ್ದರೆ ಮರಗಳ ಸಂಖ್ಯೆ ಎಷ್ಟೇ ಚೆನ್ನಾಗಿರಲಿ, ಕಡಿತ ಮತ್ತೆ ಶುರುವಾಗುತ್ತದೆ ಎಂದೇ ತಿಳಿದು ಹೆಜ್ಜೆ 2ಕ್ಕೆ ಮರಳಿ.

ಹೊರಗಿನಿಂದ ಬಂದ ಕಾರ್ಯಕರ್ತರು ಮೊದಲ ಚಕ್ರದಲ್ಲಿ ಪ್ರತಿ ಸಭೆಗೂ, ಎರಡನೆಯದರಲ್ಲಿ ತಿಂಗಳಿಗೊಮ್ಮೆ, ಮೂರನೆಯದರಲ್ಲಿ ಹಂಚಿಕೆಯ ದಿನ ಮಾತ್ರ ಬರಲಿ. ಯಾವ ಹಂತದಲ್ಲೂ ಅವರ ಕೈಗೆ ಕೀಲಿ ಹೋಗಬಾರದು. ಹಂಚಿಕೆಯ ದಿನ ಹಣ ಎಣಿಸಿ ಮುಗಿದ ಕೂಡಲೇ, ಯಾರೂ ಎದ್ದು ಹೋಗುವ ಮುನ್ನ, ಮುಂದಿನ ಚಕ್ರದ ಪಾಲಿನ ಬೆಲೆಯನ್ನು ನಿರ್ಧರಿಸಿ ಪ್ರತಿಯೊಬ್ಬರಿಂದ ಮೊದಲ ಪಾಲು ಹಾಕಿಸಿ. ಖಾಲಿ ಪೆಟ್ಟಿಗೆಗೆ ಬೀಗ ಹಾಕಿ ಮನೆಗೆ ಹೋದ ಗುಂಪು ಮತ್ತೆ ಕೂಡುವುದು ಅಪರೂಪ.